ಚೇಳಿನ ಕೊಂಡಿಯೊಳಗಿನ ಓಲೆ



ಯಾದಗಿರಿ ಜಿಲ್ಲೆಯ ಹಿರಿಯರೊಬ್ಬರು ನಮಗೆ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅವರ ಮೊಮ್ಮಗಳು ಎಂ.ಎಸ್ಸಿ. ಮುಗಿಸಿ ಚೇಳಿನ ವಿಷದ ವಂಶವಾಹಿಗಳನ್ನು ಕುರಿತು ಸಂಶೋಧನೆಗೆ ತೊಡಗಿದ್ದಾಳಂತೆ. "ಶಾಸ್ತ್ರಿಗಳೇ, ರಾತ್ರಿಯ ಹೊತ್ತು ಹೊಲದ ಬದುಗಳಲ್ಲಿ ಚೇಳು ಹುಡುಕುತ್ತಾಳೆ. ಇದೂ ಒಂದು ವಿದ್ಯೆಯೇ? ಹೆಣ್ಣು ನೋಡಲು ಬಂದವರು ಕೇಳಿದರೆ ಏನೆಂದು ಹೇಳಲಿ? ನಮ್ಮ ಕಂದಕೂರಿನ ಬೆಟ್ಟದಲ್ಲಿ ನಾಗರಪಂಚಮಿಯಂದು ಹುಡುಗರೂ ಚೇಳನ್ನು ಕೈಯಲ್ಲಿ ಹಿಡಿಯುತ್ತಾರೆ. ಅದರಲ್ಲಿ ಹೊಸದಾಗಿ ಅರಿಯುವುದೇನಿದೆ?" ಎಂಬುದು ಅವರ ಪ್ರಶ್ನೆ.

ಉತ್ತರಿಸುವ ಮುನ್ನ ನಮ್ಮ ಬಾಲ್ಯದ ಎರಡು ರಾತ್ರಿಗಳನ್ನು ಹೇಳಬೇಕಾಗಿದೆ.

ನಾವು ಮಠದ ಪ್ರಸಾದನಿಲಯದಲ್ಲಿದ್ದಾಗ ಒಂದು ಸಂಜೆ ಕಟ್ಟಿಗೆ ತೆಗೆಯಲು ಹೋಗಿ ಗೇಣುದ್ದದ ಕರಿಚೇಳಿನಿಂದ ಬೆರಳಿಗೆ ಕುಟುಕಿಸಿಕೊಂಡೆವು. ಮಂತ್ರ ಬಲ್ಲ ವೃದ್ಧರೊಬ್ಬರು ಬಂದು ಬೇವಿನ ಸೊಪ್ಪಿನಿಂದ ಹೆಗಲಿನಿಂದ ಬೆರಳಿನವರೆಗೆ ನಿವಾಳಿಸಿದರು. ಬೆಳಗಾಗುವಷ್ಟರಲ್ಲಿ ಉರಿ ಇಳಿದಿತ್ತು. ಮಂತ್ರದ ಮಹಿಮೆಯನ್ನು ಕುರಿತು ನಮಗೆ ಆಗ ಎಳ್ಳಷ್ಟೂ ಸಂದೇಹ ಉಳಿಯಲಿಲ್ಲ.

ಎರಡು ವರುಷಗಳ ತರುವಾಯ, ಬೇಸಿಗೆಯ ರಜೆಗೆ ಊರಿಗೆ ಹೋದಾಗ, ಚಿಕ್ಕಪ್ಪನ ಆರು ವರುಷದ ಮಗನನ್ನು ಕಣಿಕೆಯ ಬಣವೆಯ ಬಳಿ ಸಣ್ಣದೊಂದು ಕೆಂಚೇಳು ಕುಟುಕಿತು. ಅದೇ ಬೇವಿನ ಸೊಪ್ಪು, ಅದೇ ಮಂತ್ರ. ಹುಡುಗ ಹೆಚ್ಚು ಅಳಲಿಲ್ಲ. ಅದನ್ನು ಕಂಡು ನಾವು ಸಮಾಧಾನಪಟ್ಟೆವು. ಆಮೇಲೆ ಅಂಗಿ ತೊಯ್ಯುವಂತೆ ಬೆವರಿದ, ಮತ್ತೆ ಮತ್ತೆ ವಾಂತಿ ಮಾಡಿಕೊಂಡ. ಕೈಕಾಲು ಕಲ್ಲಿನಂತೆ ತಣ್ಣಗಾದವು. ನಸುಕಿನ ವೇಳೆಗೆ ಉಸಿರು ಕಟ್ಟಿ ಬಾಯಲ್ಲಿ ನೊರೆ ಬಂದಿತು. ಸೂರ್ಯ ಮೂಡುವುದರೊಳಗೆ ಮಗು ಹೋಗಿಬಿಟ್ಟಿತು. ಆಯುಷ್ಯವೇ ಅಷ್ಟು ಎಂದರು ಹಿರಿಯರು. ನಾವೂ ಹಾಗೆಯೇ ಅಂದೆವು.

ಆ ಎರಡು ರಾತ್ರಿಗಳ ನಡುವಣ ಅಂತರ ಮಂತ್ರದಲ್ಲಿರಲಿಲ್ಲ, ಚೇಳಿನಲ್ಲಿ ಇದ್ದಿತು ಎಂಬುದನ್ನು ತಿಳಿಯಲು ನಮಗೆ ಬಹುಕಾಲ ಹಿಡಿಯಿತು. ದೊಡ್ಡ ಕರಿಚೇಳು ತನ್ನ ದಪ್ಪ ಇಕ್ಕಳಗಳ ಬಲದಿಂದ ಬದುಕುವ ಜೀವಿ. ಅದರ ವಿಷ ಮನುಷ್ಯನಿಗೆ ನೋವು ಕೊಡುತ್ತದೆ, ಸಾಮಾನ್ಯವಾಗಿ ಪ್ರಾಣ ತೆಗೆಯುವುದಿಲ್ಲ. ಆ ನೋವು ತಾನಾಗಿಯೇ ಇಳಿಯುತ್ತದೆ, ಇಳಿಸಿದ ಕೀರ್ತಿ ಮಾತ್ರ ಬೇವಿನ ಸೊಪ್ಪಿಗೆ ಸಲ್ಲುತ್ತದೆ. ಕೆಂಚೇಳಿನ ಇಕ್ಕಳಗಳು ತೆಳು, ಅದರ ಬಲವೆಲ್ಲ ಕೊಂಡಿಯಲ್ಲಿ. ಅದರ ವಿಷವು ನರತಂತುಗಳಲ್ಲಿರುವ ಸೋಡಿಯಂ ದ್ವಾರಗಳನ್ನು ಮುಚ್ಚಗೊಡದೆ ಹಿಡಿದು ನಿಲ್ಲಿಸುತ್ತದೆ. ನರಗಳು ಒಂದೇ ಸಮನೆ ಮಿಡಿಯುತ್ತವೆ, ರಕ್ತನಾಳಗಳು ಬಿಗಿಯುತ್ತವೆ, ಹೃದಯ ದಣಿದು ಪುಪ್ಪುಸಗಳಲ್ಲಿ ನೀರು ತುಂಬುತ್ತದೆ. ನಾವು ಆ ನಸುಕಿನಲ್ಲಿ ಕಂಡ ನೊರೆ ಅದೇ.

ಒಂದು ಚೇಳಿಗೆ ಈ ವಿಷ, ಇನ್ನೊಂದಕ್ಕೆ ಆ ವಿಷ ಎಲ್ಲಿಂದ ಬಂದಿತು? ಇದೇ ಆ ಮೊಮ್ಮಗಳು ಓದುತ್ತಿರುವ ವಿದ್ಯೆ. ಚೇಳಿನ ವಿಷವೆಂಬುದು ಒಂದೇ ವಸ್ತುವಲ್ಲ, ಹತ್ತಾರು ಪುಟ್ಟ ಪ್ರೋಟೀನುಗಳ ಮಿಶ್ರಣ. ಒಂದೊಂದನ್ನೂ ಹೇಗೆ ಕಟ್ಟಬೇಕೆಂಬ ಪಾಠ ವಂಶವಾಹಿಯಲ್ಲಿದೆ. ಸಂಶೋಧಕರು ಚೇಳಿಗೆ ಮೆಲುವಾದ ವಿದ್ಯುತ್ ಸೋಂಕಿಸಿ ವಿಷವನ್ನು ಹಿಂಡಿ ತೆಗೆಯುತ್ತಾರೆ. ಬರಿದಾದ ಗ್ರಂಥಿ ವಿಷವನ್ನು ಮತ್ತೆ ತುಂಬಿಕೊಳ್ಳಲು ಅವಸರಪಡುತ್ತದೆ. ಎರಡು ಮೂರು ದಿನಗಳಲ್ಲಿ ಆ ಪಾಠದ ನಕಲುಗಳು, ಅಂದರೆ ಆರ್‌ಎನ್‌ಎ, ಅಲ್ಲಿ ಹೇರಳವಾಗಿ ದೊರೆಯುತ್ತವೆ. ಅವುಗಳನ್ನು ತೆಗೆದು ಅಕ್ಷರ ಅಕ್ಷರವಾಗಿ ಓದುತ್ತಾರೆ. ಕೆಂಚೇಳಿನಿಂದಲೇ ದೊರೆತ, 1990ರಲ್ಲಿ ವಿದ್ವಾಂಸರು ವಿವರಿಸಿದ ಐಬೀರಿಯೋಟಾಕ್ಸಿನ್ ಎಂಬ ಪ್ರೋಟೀನಿನಲ್ಲಿ ಇರುವುದು ಕೇವಲ 37 ಅಮೈನೋ ಆಮ್ಲಗಳು. ಪೊಟ್ಯಾಸಿಯಂ ದ್ವಾರಗಳಲ್ಲಿ ಒಂದು ಬಗೆಯನ್ನು ಮಾತ್ರ ಆರಿಸಿ ಮುಚ್ಚುವ ಅದರ ಗುಣದಿಂದಾಗಿ ಲೋಕದ ಪ್ರಯೋಗಾಲಯಗಳು ಅದನ್ನು ಉಪಕರಣದಂತೆ ಬಳಸುತ್ತವೆ.

ಓಲೆಗರಿಗಳ ನಡುವೆ ಆಯುಷ್ಯ ಸವೆಸಿದ ನಮಗೆ ಇಲ್ಲಿಯೇ ಕುತೂಹಲ ಹೆಚ್ಚಾಯಿತು. ಒಂದು ಓಲೆಕಟ್ಟಿಗೆ ಎರಡು ನಕಲಾದರೆ, ಒಂದು ಮೂಲದಂತೆ ಮನೆಯಲ್ಲಿ ಉಳಿಯುತ್ತದೆ. ಇನ್ನೊಂದು ಕೈಯಿಂದ ಕೈಗೆ ಹೋಗಿ ಪಾಠಾಂತರಗಳನ್ನು ಪಡೆಯುತ್ತದೆ. ವಂಶವಾಹಿಗಳ ಗತಿಯೂ ಅದೇ. ಕ್ರಿಮಿಗಳಿಂದ ದೇಹವನ್ನು ಕಾಯುವ ಡಿಫೆನ್ಸಿನ್ ಎಂಬ ಪ್ರೋಟೀನುಗಳ ಆಕಾರ ಚೇಳಿನ ಹಲವು ವಿಷಗಳ ಆಕಾರವನ್ನೇ ಹೋಲುತ್ತದೆ. ಕಾಯುವ ಪಾಠದ ಹೆಚ್ಚುವರಿ ನಕಲೊಂದು ತಿದ್ದಿಕೊಳ್ಳುತ್ತ ಕೊಲ್ಲುವ ಪಾಠವಾಯಿತೆಂಬುದು ವಿದ್ವಾಂಸರ ಮತ. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಣಜವೊಂದರ ಡಿಫೆನ್ಸಿನ್ನಿನಿಂದ ಚಿಕ್ಕದೊಂದು ಕುಣಿಕೆಯನ್ನು ಕತ್ತರಿಸಿ ಹಾಕಿದರು. ಅಷ್ಟಕ್ಕೇ ಅದು ಪೊಟ್ಯಾಸಿಯಂ ದ್ವಾರಗಳನ್ನು ಮುಚ್ಚುವ ನರವಿಷವಾಯಿತು. ನಮ್ಮ ಹಸ್ತಪ್ರತಿಗಳಲ್ಲಿ ಗ್ರಂಥಪಾತ ಕಂಡಾಗ ನಾವು ಹಣೆ ಚಚ್ಚಿಕೊಳ್ಳುತ್ತೇವೆ. ಇಲ್ಲಿ ಗ್ರಂಥಪಾತದಿಂದಲೇ ಹೊಸ ಅರ್ಥ ಹುಟ್ಟಿತು! 2013ರಲ್ಲಿ ಚೀನಾ ದೇಶದ ಚೇಳೊಂದರ ಸಮಗ್ರ ವಂಶವಾಹಿ ಪಾಠ ಹೊರಬಂದಾಗ ಅದರಲ್ಲಿ ಎಣಿಸಿದ್ದು 32,016 ವಂಶವಾಹಿಗಳನ್ನು. ಮನುಷ್ಯನಲ್ಲಿ ಸುಮಾರು 20,000. ಕಾಲಿನಡಿಯ ಜೀವಿಯನ್ನು ಅಲ್ಪವೆನ್ನುವವರು ಈ ಲೆಕ್ಕವನ್ನು ಗಮನಿಸಬೇಕು.

ಇದರಿಂದ ಕುಟುಕಿಸಿಕೊಂಡ ಮಗುವಿಗೆ ಏನು ಬಂದಿತು ಎಂದು ತಾಯಂದಿರು ಕೇಳಬಹುದು. ಕೊಂಕಣದ ಬಿರವಾಡಿ, ಮಹಾಡಗಳಲ್ಲಿ ವೈದ್ಯರಾಗಿದ್ದ ಡಾ. ಹಿಮ್ಮತರಾವ್ ಬಾವಸ್ಕರರ ಕಥೆಯೇ ಅದಕ್ಕೆ ಉತ್ತರ. ಕೆಂಚೇಳಿನ ವಿಷ ನೆತ್ತಿಗೇರಿ ಪುಪ್ಪುಸಗಳಲ್ಲಿ ನೀರು ತುಂಬಿದವರಲ್ಲಿ ಆ ಕಾಲಕ್ಕೆ ನೂರಕ್ಕೆ 25ರಿಂದ 30 ಮಂದಿ ತೀರಿಕೊಳ್ಳುತ್ತಿದ್ದರು. ರೋಗಿಯ ಪಕ್ಕದಲ್ಲಿ ರಾತ್ರಿಯಿಡೀ ಕುಳಿತು ಲಕ್ಷಣಗಳನ್ನು ಬರೆದಿಟ್ಟುಕೊಂಡ ಈ ವೈದ್ಯರು, ಬಿಗಿದ ರಕ್ತನಾಳಗಳನ್ನು ಸಡಿಲಿಸುವ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆ ಪ್ರಾಣ ಉಳಿಸುತ್ತದೆಂದು ಕಂಡುಕೊಂಡು, 1986ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ನಮ್ಮ ಅಭಿಪ್ರಾಯದಲ್ಲಿ ತಡವಾಗಿಯೇ ದೊರೆಯಿತು. 2011ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಪರೀಕ್ಷೆಯಲ್ಲಿ 70 ರೋಗಿಗಳಿದ್ದರು. ಬರಿಯ ಮಾತ್ರೆ ಪಡೆದ 35 ಜನರಲ್ಲಿ 8 ಮಂದಿ ಹತ್ತು ತಾಸುಗಳೊಳಗೆ ಪೂರ್ಣ ಚೇತರಿಸಿಕೊಂಡರು. ಮಾತ್ರೆಯೊಡನೆ ಪ್ರತಿವಿಷವನ್ನೂ ಪಡೆದ 35 ಜನರಲ್ಲಿ 32 ಮಂದಿ ಚೇತರಿಸಿಕೊಂಡರು.

ಆ ಪ್ರತಿವಿಷ ತಯಾರಾಗುವುದು ಕುದುರೆಗೆ ಚೇಳಿನ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಚುಚ್ಚಿ. ಯಾವ ಊರಿನ ಚೇಳಿನ ವಿಷ? ಪ್ರಶ್ನೆ ಇರುವುದು ಇಲ್ಲಿ. ಕೊಂಕಣ ಕರಾವಳಿಯ ಕೆಂಚೇಳಿನ ವಿಷದ ಪ್ರೋಟೀನುಗಳಿಗೂ ದಖ್ಖನಿನ ಬಯಲಿನ ಕೆಂಚೇಳಿನವಕ್ಕೂ ವ್ಯತ್ಯಾಸವಿದೆಯೆಂದು 2007ರ ಅಧ್ಯಯನವೊಂದು ತೋರಿಸಿತು. ಜಾತಿ ಒಂದೇ, ಪಾಠ ಬೇರೆ. ಒಂದು ಪ್ರಾಂತದ ಪ್ರತಿಯನ್ನು ಮಾತ್ರ ಹಿಡಿದು ಎಲ್ಲೆಡೆಗೂ ಔಷಧ ಮಾಡಿದರೆ ಇನ್ನೊಂದು ಪ್ರಾಂತದ ಮಗುವಿಗೆ ಅದು ಅರ್ಧಂಬರ್ಧ ನಾಟೀತು. ಅದಕ್ಕಾಗಿ ಯಾರಾದರೊಬ್ಬರು ಯಾದಗಿರಿಯ ಬದುಗಳಲ್ಲಿಯೂ ಚೇಳು ಹುಡುಕಬೇಕು. ಒಂದು ಚೇಳಿನಿಂದ ದೊರೆಯುವ ವಿಷವಾದರೋ ಒಂದೆರಡು ಮಿಲಿಗ್ರಾಮೂ ಮೀರದು. ಪಾಠವನ್ನು ಓದಿಕೊಂಡರೆ ಆ ವಂಶವಾಹಿಯನ್ನು ಬ್ಯಾಕ್ಟೀರಿಯಾದಲ್ಲಿ ಕೂಡಿಸಿ ಅದೇ ಪ್ರೋಟೀನನ್ನು ಬೇಕಾದಷ್ಟು ಪಡೆಯುವ ದಾರಿ ತೆರೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಷಗಳ ವಿಕಾಸವನ್ನು ಅರಸುವ ಪ್ರಯೋಗಾಲಯವೇ ಇದೆ.

ಆದ್ದರಿಂದ ಹಿರಿಯರೇ, ಹೆಣ್ಣು ನೋಡಲು ಬಂದವರಿಗೆ ನಿಸ್ಸಂಕೋಚವಾಗಿ ಹೇಳಿ. ಕಂದಕೂರಿನ ಪಂಚಮಿಯ ಭಕ್ತಿ ಅಲ್ಲಿಯವರದು, ಅದನ್ನು ನಾವು ಹಳಿಯುವುದಿಲ್ಲ. ಆದರೆ ಅದನ್ನು ಕಂಡ ಧೈರ್ಯದಿಂದ ಮನೆಯ ಮಕ್ಕಳು ಬಣವೆಗೆ ಕೈಹಾಕದಿರಲಿ. ಚೇಳು ಕುಟುಕಿದ ಮಗು ಬೆವರಿ, ವಾಂತಿ ಮಾಡಿ, ಕೈಕಾಲು ತಣ್ಣಗಾದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಲಕ್ಷಣ ಕಾಣುವವರೆಗೂ ಕಾಯದಿದ್ದರೆ ಇನ್ನೂ ಲೇಸು. ಮಂತ್ರ ಹಾಕಿಸಲೇಬೇಕೆಂದಿದ್ದರೆ ಮಂತ್ರ ಹಾಕುವವರನ್ನೂ ಅದೇ ಗಾಡಿಯಲ್ಲಿ ಕೂರಿಸಿಕೊಳ್ಳಿರಿ.

ನಿಮ್ಮ ಮೊಮ್ಮಗಳಿಗೆ ನಮ್ಮದೊಂದು ಕೋರಿಕೆಯಿದೆ. ನೇರಳಾತೀತ ಬೆಳಕಿನ ಟಾರ್ಚು ಬಿಟ್ಟರೆ ಕತ್ತಲೆಯಲ್ಲಿ ಚೇಳು ಹಸಿರು ನೀಲಿಯಾಗಿ ಹೊಳೆಯುತ್ತದೆ, ಹುಡುಕುವವರು ಅದರಿಂದಲೇ ಹುಡುಕುತ್ತಾರೆಂದು ಓದಿದ್ದೇವೆ. ಮಳೆಗಾಲಕ್ಕೆ ಮುನ್ನ ಊರಿಗೆ ಬಂದರೆ ಆ ಟಾರ್ಚಿನೊಡನೆ ಒಂದು ರಾತ್ರಿ ನಮ್ಮ ಮಠಕ್ಕೂ ಬರಲಿ. ಪ್ರಸಾದನಿಲಯದ ಕಟ್ಟಿಗೆಯ ರಾಶಿ ಈಗಲೂ ಅದೇ ಮೂಲೆಯಲ್ಲಿದೆ.