ಕೆರೆಯ ಹಳ್ಳಗಳೂ ಮೀನಿನ ಸಂತಾನವೂ

ಕೋಲಾರದ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಪಾಲಾರ್ ನದಿಯೂ ಉತ್ತರ ದಕ್ಷಿಣ ಪಿನಾಕಿನಿಗಳೂ ಈ ಸೀಮೆಯ ಆಸುಪಾಸಿನಲ್ಲಿಯೇ ಹುಟ್ಟುತ್ತವೆಯಾದರೂ, ಇಲ್ಲಿ ಅವು ಮಳೆ ಬಂದಾಗ ಹರಿದು ಮಳೆ ನಿಂತಾಗ ಬತ್ತುವ ಹಳ್ಳಗಳೇ ಸರಿ. ಆದಕಾರಣ ಪೂರ್ವಿಕರು ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಬೀಳುವಂತೆ ಕೆರೆಗಳನ್ನು ಸಾಲಾಗಿ ಕಟ್ಟಿ, ಅವುಗಳಿಗೆ ನೀರು ತರುವ ಹಳ್ಳ ಕಾಲುವೆಗಳನ್ನು ಊರಿನ ಆಸ್ತಿಯೆಂದು ಕಾಪಾಡಿಕೊಂಡು ಬಂದರು. ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಗೆ 13 ಅಡಿಗೂ ಮಿಗಿಲಾದ ಏಕಶಿಲಾ ಗಣಪತಿಯ ದರ್ಶನಾರ್ಥವಾಗಿ ಬರುವ ಯಾತ್ರಿಕರು ದೇವಾಲಯವನ್ನು ನೋಡಿ ಹಿಂದಿರುಗುತ್ತಾರೆ. ಆ ಸುತ್ತಿನ ಬಂಡೆಬೆಟ್ಟಗಳಿಂದ ನೀರು ಯಾವ ದಾರಿಯಾಗಿ ಇಳಿದು ಯಾವ ಕೆರೆಯನ್ನು ಸೇರುತ್ತದೆಂಬುದನ್ನು ನೋಡುವವರು ವಿರಳ. ಈಚೆಗೆ ಆ ಊರುಗಳ ಜಮೀನುದಾರರೇ ಅದನ್ನು ನೋಡುವುದನ್ನು ಬಿಟ್ಟಿರುವರೆಂಬುದು ವಿಷಾದದ ಸಂಗತಿ.

ಈ ಹಳ್ಳಗಳು ನೀರಿನ ದಾರಿ ಮಾತ್ರವಲ್ಲ, ಮೀನಿನ ಹೆರಿಗೆಮನೆಯೂ ಹೌದು. ಮುಂಗಾರಿನ ಗುಡುಗುಮಳೆಯಲ್ಲಾಗಲಿ, ಉತ್ತರೆ ಹಸ್ತೆಗಳ ಮಳೆಯಲ್ಲಾಗಲಿ, ಹಳ್ಳವು ಮೊದಲ ಸಲ ತುಂಬಿ ಕೆಂಪು ನೀರು ಕೆರೆಯ ಅಂಗಳಕ್ಕೆ ನುಗ್ಗಿದೊಡನೆ, ಬೇಸಗೆಯುದ್ದಕ್ಕೂ ಮಡುವಿನಲ್ಲಿ ಜೀವ ಹಿಡಿದುಕೊಂಡಿದ್ದ ಮೀನು ಹೊಸನೀರಿಗೆ ಎದುರಾಗಿ ಮೇಲಕ್ಕೆ ಹೊರಡುತ್ತದೆ. ಮೊಟ್ಟೆ ತುಂಬಿದ ಗೆಂಡೆಮೀನುಗಳು ಮೊಳಕಾಲುದ್ದದ ನೀರಿನಲ್ಲಿ ಗುಂಪುಗುಂಪಾಗಿ ಏರಿ, ಮುಳುಗಿದ ಹುಲ್ಲುಗರಿಕೆಯ ಮೇಲೆ ಮೊಟ್ಟೆಯಿಡುತ್ತವೆ. ಕೊರಮೀನು ಕೆರೆಯಂಚಿನ ಜೊಂಡಿನ ನಡುವೆ ಗುಂಡಗೆ ಜಾಗ ಬಿಡಿಸಿಕೊಂಡು ಅಲ್ಲಿ ಮೊಟ್ಟೆಯಿಟ್ಟು, ಕೆಂಪಗಿನ ಮರಿಗಳ ಹಿಂಡನ್ನು ತಾಯಿತಂದೆಗಳೆರಡೂ ಕಾಯುತ್ತವೆ. ಮೀಸೆಯುಳ್ಳ ದೇಶೀ ಮೀನುಗಳು ಗದ್ದೆಯ ಬದುವಿನ ಗುಳಿಗಳನ್ನು ಹುಡುಕುತ್ತವೆ. ಒಂದೊಂದು ಜಾತಿಗೆ ಒಂದೊಂದು ಬಗೆಯ ನೆಲೆ ಬೇಕು. ಆ ನೆಲೆ ಸಿಕ್ಕದಿದ್ದರೆ ಆ ವರ್ಷ ಆ ಜಾತಿಯ ಸಂತಾನವಿಲ್ಲ.

ಕೆರೆಗಳಲ್ಲಿ ಈಗ ಹೆಚ್ಚಾಗಿ ಬಿತ್ತುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳ ಸ್ವಭಾವವೇ ಬೇರೆ. ಅವು ಉತ್ತರದ ಮಹಾನದಿಗಳ ಮೀನುಗಳು. ನಿಂತ ನೀರಿನಲ್ಲಿ ಬೆಳೆಯುತ್ತವೆಯೇ ಹೊರತು ಮರಿ ಮಾಡುವುದಿಲ್ಲ. 1957ನೆಯ ಇಸವಿ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಡಾಕ್ಟರ್ ಹೀರಾಲಾಲ್ ಚೌಧುರಿಯವರು ಮೀನಿನ ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯ ಸತ್ತ್ವವನ್ನು ಚುಚ್ಚಿ ಈ ಜಾತಿಗಳಿಂದ ಕೃತಕವಾಗಿ ಮೊಟ್ಟೆಯಿಡಿಸುವುದರಲ್ಲಿ ಸಫಲರಾದ ಮೇಲೆ, ಮರಿಗಳು ಬೇಕಾದಷ್ಟು ದೊರೆಯುವಂತಾಯಿತು. ಇದು ಬಹು ದೊಡ್ಡ ಉಪಕಾರವೇ. ಆದರೆ ಆ ಮರಿಗಳನ್ನು ಪ್ರತಿವರ್ಷವೂ ಹಣ ಕೊಟ್ಟು ತರಬೇಕು. ಗೆಂಡೆ ಕೊರಮೀನುಗಳಾದರೋ ಯಾರನ್ನೂ ಏನನ್ನೂ ಕೇಳದೆ ತಾವಾಗಿಯೇ ಹೆಚ್ಚುವಂಥವು; ಅವು ಬೇಡುವುದು ದಾರಿಯೊಂದನ್ನೇ. ಒಂದು ಕಡೆ ಮರಿ ಬಿತ್ತುವುದಕ್ಕೆ ವೆಚ್ಚ ಮಾಡುತ್ತ ಇನ್ನೊಂದು ಕಡೆ ಬಿಟ್ಟಿಯಾಗಿ ಬರುವ ಸಂತಾನದ ದಾರಿಯನ್ನು ಮುಚ್ಚುವುದು, ತೂತಾದ ಕಣಜಕ್ಕೆ ರಾಗಿ ತುಂಬಿದಂತೆ.

ಹೊರದೇಶಗಳಲ್ಲಿ ಈ ವಿಷಯಕ್ಕೆ ಎಷ್ಟು ಗಮನ ಕೊಡುವರೆಂಬುದಕ್ಕೆ ಸಾಲ್ಮನ್ ಮೀನೇ ನಿದರ್ಶನ. ಉತ್ತರ ಅಮೆರಿಕದ ಪಶ್ಚಿಮ ತೀರದಲ್ಲಿ ಈ ಮೀನು ಸಮುದ್ರದಲ್ಲಿ ಬೆಳೆದು, ತಾನು ಹುಟ್ಟಿದ ತೊರೆಯನ್ನೇ ಹುಡುಕಿಕೊಂಡು ಬಂದು, ಸರೋವರಗಳಿಗೆ ನೀರು ತರುವ ಹಳ್ಳಗಳ ಗರಸಿನಲ್ಲಿ ಬಾಲದಿಂದ ಗುಳಿ ತೋಡಿ ಮೊಟ್ಟೆಯಿಡುತ್ತದೆ. ಮೀನು ಏರುವ ಕಾಲದಲ್ಲಿ ಅಲ್ಲಿನ ನೌಕರರೂ ಊರವರೂ ಹಳ್ಳದುದ್ದಕ್ಕೂ ನಡೆದು, ಏರಿದ ಮೀನುಗಳನ್ನೂ ತೋಡಿದ ಗುಳಿಗಳನ್ನೂ ಎಣಿಸುತ್ತಾರೆ. ತಳದಲ್ಲಿ ಮರಳೆಷ್ಟು ಗರಸೆಷ್ಟು, ನೀರೆಷ್ಟು ತಣ್ಣಗಿದೆ, ಅಡ್ಡಿ ಎಲ್ಲೆಲ್ಲಿದೆ ಎಂಬುದನ್ನು ಬರೆದಿಡುತ್ತಾರೆ. ಯಾವ ಹಳ್ಳವನ್ನು ಮೊದಲು ಸರಿಪಡಿಸಬೇಕೆಂಬುದನ್ನು ಈ ಲೆಕ್ಕದಿಂದಲೇ ನಿಶ್ಚಯಿಸುವುದು. ಸಾಲ್ಮನ್ ಮೊಟ್ಟೆ ತಣ್ಣನೆಯ ಗರಸಿನಲ್ಲಿ ತಿಂಗಳುಗಟ್ಟಲೆ ಇರುವುದರಿಂದ ಅವರಿಗೆ ಸಾವಕಾಶವುಂಟು. ನಮ್ಮ ಗೆಂಡೆಯ ಮೊಟ್ಟೆ ಬೆಚ್ಚನೆಯ ನೀರಿನಲ್ಲಿ ಒಂದೆರಡು ದಿನಗಳೊಳಗೆ ಒಡೆದು ಮರಿಯಾಗುತ್ತದೆ. ಆದುದರಿಂದ ಇಲ್ಲಿ ನೋಡತಕ್ಕವರು ಹಳ್ಳ ಹರಿದ ಆ ಕೆಲವೇ ದಿನಗಳಲ್ಲಿ ನೋಡಬೇಕು.

ಇಂಥ ಪರೀಕ್ಷೆಯನ್ನು ಪ್ರತಿಯೊಂದು ಕೆರೆಯ ಜಲಾನಯನದಲ್ಲಿಯೂ ಊರಿನವರೇ ನಡೆಸಬೇಕೆಂಬುದು ಈ ಲೇಖನದ ಅಭಿಪ್ರಾಯ. ಮೀನು ತಿನ್ನದ ಮನೆಯವರು, ಅದರಿಂದ ತಮಗೇನು ಪ್ರಯೋಜನವೆಂದು ಕೇಳಬಹುದು. ಉತ್ತರ ಸುಲಭವಾಗಿದೆ. ಕೆರೆಯಿಂದ ಮೀನು ಮೇಲೇರುವ ದಾರಿಯೂ ಮೇಲಿನಿಂದ ನೀರು ಇಳಿಯುವ ದಾರಿಯೂ ಒಂದೇ. ಮೀನು ನಿಂತುಹೋಗುವ ಕಡೆಗಳಲ್ಲೆಲ್ಲ ನೋಡಿದರೆ, ಬಹಳ ಮಟ್ಟಿಗೆ ಅಲ್ಲಿ ನೀರೂ ತಡೆದಿರುತ್ತದೆ, ಇಲ್ಲವೆ ದಾರಿತಪ್ಪಿರುತ್ತದೆ. ಅಳತೆಯ ಸರಪಣಿ ತಾರದೆ, ಅರ್ಜಿ ಬರೆಯದೆ, ಕಾಲುವೆ ಎಲ್ಲಿ ಕೆಟ್ಟಿದೆಯೆಂಬುದನ್ನು ಮೀನು ತೋರಿಸಿಕೊಡುತ್ತದೆ. ಅಚ್ಚುಕಟ್ಟಿನ ಗದ್ದೆಯವರಿಗೂ, ಕೆರೆಯ ಕೆಳಗೆ ಬಾವಿ ಕೊಳವೆಬಾವಿಗಳನ್ನು ನಂಬಿದವರಿಗೂ ಇದಕ್ಕಿಂತ ಅಗ್ಗದ ಸರ್ವೆ ದೊರೆಯದು.

ಪರೀಕ್ಷೆಯ ಕ್ರಮವನ್ನು ಹೀಗೆ ಇಟ್ಟುಕೊಳ್ಳಬಹುದು. ಮೊದಲು ಗ್ರಾಮನಕ್ಷೆಯನ್ನು ತಂದು, ಕೆರೆಗೆ ಬಂದು ಸೇರುವ ಹಳ್ಳ ಕಾಲುವೆಗಳಿಗೆ ಒಂದರಿಂದ ಮೊದಲ್ಗೊಂಡು ಅಂಕಿ ಕೊಡಬೇಕು. ನಕ್ಷೆಯಲ್ಲಿ ಗೆರೆಯಿದ್ದು ನೆಲದಲ್ಲಿ ಕಾಲುವೆಯಿಲ್ಲದಿದ್ದರೆ ಅದನ್ನೂ ಗುರುತು ಮಾಡಬೇಕು. ಹಳ್ಳ ಹರಿದ ಮಾರನೆಯ ದಿನ ಬೆಳಗ್ಗೆ, ನೀರಿನ ನೆಲೆ ಬಲ್ಲ ಹಿರಿಯರೊಬ್ಬರು, ಮೀನು ಹಿಡಿಯುವ ಮನೆತನದವರೊಬ್ಬರು, ಬರೆದುಕೊಳ್ಳುವುದಕ್ಕೆ ಶಾಲೆಯ ಹುಡುಗನೊಬ್ಬ, ಹೀಗೆ ಮೂವರು ಕೆರೆಯ ಅಂಗಳದಿಂದ ಹೊರಟು ಮೇಲ್ಮುಖವಾಗಿ ನಡೆಯಬೇಕು. ನೂರು ನೂರು ಹೆಜ್ಜೆಗೆ ನಿಂತು, ನೀರಿನ ಆಳ ಅಗಲಗಳನ್ನೂ, ತಳವು ಮರಳೋ ಗರಸೋ ಜೇಡಿಯೋ ಎಂಬುದನ್ನೂ, ದಡದಲ್ಲಿ ಹುಲ್ಲು ಜೊಂಡು ಹೊಂಗೆ ಏನಿದೆಯೆಂಬುದನ್ನೂ, ಕಂಡ ಮೀನಿನ ಜಾತಿಯನ್ನೂ ಬರೆಯಬೇಕು. ಮೀನು ಏರಲಾರದೆ ಗುಂಪುಗೂಡಿ ನಿಂತ ಸ್ಥಳವನ್ನು ತಪ್ಪದೆ ಗುರುತಿಸಿ, ಅಲ್ಲಿನ ಅಡ್ಡಿಯ ಎತ್ತರವನ್ನು ಅಳೆಯಬೇಕು. ವಾರ ಕಳೆದ ಮೇಲೆ ಇದೇ ದಾರಿಯಲ್ಲಿ ಮತ್ತೊಮ್ಮೆ ನಡೆದರೆ ಮರಿಗಳಿವೆಯೋ ಇಲ್ಲವೋ ತಿಳಿಯುತ್ತದೆ. ಬೇಸಗೆಯಲ್ಲಿ ಮೂರನೆಯ ಸಲ ಹೋಗಿ, ನೀರು ಯಾವ ಮಡುವಿನಲ್ಲಿ ಕೊನೆಯವರೆಗೆ ನಿಂತಿತೆಂಬುದನ್ನು ನೋಡಬೇಕು. ಮುಂದಿನ ವರ್ಷದ ಬೀಜವೆಲ್ಲ ಉಳಿದಿರುವುದು ಆ ಮಡುವಿನಲ್ಲಿಯೇ. ಹೂಳೆತ್ತುವಾಗ ಯಂತ್ರಗಳಿಂದ ಕೆರೆಯ ತಳವನ್ನೆಲ್ಲ ಒಂದೇ ಸಮನಾಗಿ ಕೆರೆಯದೆ, ತೂಬಿನ ಬಳಿಯ ಆಳವಾದ ಗುಂಡಿಯನ್ನು ಉಳಿಸಬೇಕಾದುದು ಈ ಕಾರಣದಿಂದ.

ಇಂಥ ನಡಿಗೆಯಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ಅಡ್ಡಿಗಳು ಕಾಣಬರುತ್ತವೆ. ಮೊದಲನೆಯದು ಒತ್ತುವರಿ. ಹಳ್ಳದ ನೆಲ ಕಂದಾಯದ ಲೆಕ್ಕದಲ್ಲಿ ‘ಬಿ’ ಖರಾಬು, ಎಂದರೆ ಸಾರ್ವಜನಿಕರದು. ಎರಡೂ ದಡದ ಹಿಡುವಳಿದಾರರು ವರ್ಷಕ್ಕೊಂದು ಸಾಲು ಮುಂದೆ ಉತ್ತು, ಹತ್ತು ಮೊಳದ ಹಳ್ಳವನ್ನು ಎರಡು ಮೊಳದ ಬದುಗಾಲುವೆ ಮಾಡಿದ ಉದಾಹರಣೆಗಳಿಗೆ ಕಡಮೆಯಿಲ್ಲ. ಎರಡನೆಯದು ನೆಟ್ಟನೆಯ ಸಿಮೆಂಟು ಗೋಡೆ. ಒರಟು ಕಲ್ಲು ಹಾಸಿದ ಇಳಿಜಾರಿನ ಕೋಡಿಯನ್ನು ಮೀನು ಕಲ್ಲಿಂದ ಕಲ್ಲಿಗೆ ತಂಗುತ್ತ ಏರಬಲ್ಲುದು. ಬೆರಳುದ್ದದ ಗೆಂಡೆಗೆ ನುಣುಪಾದ ಗೋಡೆ ಕೋಟೆಯೇ ಸರಿ. ಮೂರನೆಯದು ಮೊದಲ ನೀರಿಗೇ ಹಳ್ಳದ ಬಾಯಿಗೆ ಕಟ್ಟುವ ಸೊಳ್ಳೆಪರದೆಯ ಬಲೆ. ನಾಲ್ಕನೆಯದು ವಿಷ. ಬ್ಲೀಚಿಂಗ್ ಪುಡಿಯನ್ನೋ ಕಾರೆಕಾಯಿಯನ್ನೋ ಮಡುವಿಗೆ ಹಾಕಿ ಮೀನು ಹಿಡಿಯುವುದು ಒಂದು ಬಗೆ. ಟೊಮೆಟೊ ತೋಟಕ್ಕೆ ಔಷಧಿ ಹೊಡೆದ ಡಬ್ಬ ಪಂಪುಗಳನ್ನು ಕಾಲುವೆಯಲ್ಲಿ ತೊಳೆಯುವುದು ಇನ್ನೊಂದು. ವಡ್ಡಹಳ್ಳಿಯ ಮಾರುಕಟ್ಟೆಗೆ ಟೊಮೆಟೊ ಕಳುಹಿಸುವ ಈ ತಾಲ್ಲೂಕಿನಲ್ಲಿ ಎರಡನೆಯದರ ಅಪಾಯವೇ ಹೆಚ್ಚು. ಪೈರೆಥ್ರಾಯ್ಡ್ ಜಾತಿಯ ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನಿಗೆ ಮಾರಕವಾದವು.

ಇದು ಹೊಸ ಮಾತೇನೂ ಅಲ್ಲ. ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದ ಎಚ್. ಎಸ್. ಥಾಮಸ್ ಎಂಬುವರು 1870ರಲ್ಲಿಯೇ ಆ ಜಿಲ್ಲೆಯ ಮೀನಿನ ಸಂರಕ್ಷಣೆಯನ್ನು ಕುರಿತು ವರದಿ ಬರೆದರು. 1873ರಲ್ಲಿ ಫ್ರಾನ್ಸಿಸ್ ಡೇ ಎಂಬುವರು ಇಂಡಿಯಾ ಮತ್ತು ಬರ್ಮಾ ದೇಶಗಳ ಸಿಹಿನೀರಿನ ಮೀನುಗಳನ್ನು ಕುರಿತ ವರದಿಯಲ್ಲಿ, ಮರಿಮೀನುಗಳ ನಾಶವನ್ನೂ ನದಿಯ ಅಡ್ಡಗಟ್ಟೆಗಳಿಂದಾಗುವ ಕೇಡನ್ನೂ ಎತ್ತಿ ಹೇಳಿದರು. ಸಿಡಿಮದ್ದು ಮತ್ತು ವಿಷಗಳಿಂದ ಮೀನು ಕೊಲ್ಲುವುದು 1897ರ ಮೀನುಗಾರಿಕೆ ಶಾಸನದಿಂದ ಅಪರಾಧವಾಯಿತು. ಆದರೆ ಶಾಸನಗಳು ಅಣೆಕಟ್ಟುಗಳ ಎದುರು ಕೆಲಸಕ್ಕೆ ಬರಲಿಲ್ಲ. ಬಂಗಾಳಕೊಲ್ಲಿಯಿಂದ ಕಾವೇರಿಯನ್ನೇರಿ ಬರುತ್ತಿದ್ದ ಹಿಲ್ಸಾ ಮೀನಿಗೆ 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟಿನಿಂದ ಮೇಲಕ್ಕೆ ದಾರಿಯಿಲ್ಲವಾಯಿತು. ಮಹಾನದಿಯಲ್ಲಿ ಆದುದು ಊರ ಹಳ್ಳದಲ್ಲಿಯೂ ಆಗುತ್ತದೆ. ವ್ಯತ್ಯಾಸವಿಷ್ಟೆ: ಮೆಟ್ಟೂರನ್ನು ಬದಲಿಸುವುದು ಯಾರ ಕೈಯಲ್ಲಿಯೂ ಇಲ್ಲ, ಊರ ಹಳ್ಳ ಊರವರ ಕೈಯಲ್ಲಿದೆ.

ಈ ಸಲಹೆಗೆ ಆಕ್ಷೇಪಣೆಗಳಿಲ್ಲದೆ ಇಲ್ಲ. ಹಳ್ಳಗಳ ತಡೆಗೋಡೆಗಳಿಂದ ಅಂತರ್ಜಲ ಹೆಚ್ಚುತ್ತದೆ, ಅವುಗಳನ್ನು ಬೇಡವೆನ್ನುವುದು ಹೇಗೆ, ಎಂಬುದು ಒಂದು. ಕೊಳವೆಬಾವಿಗಳು ಪಾತಾಳಕ್ಕಿಳಿದಿರುವ ಈ ಸೀಮೆಯಲ್ಲಿ ತಡೆಗೋಡೆ ಬೇಡವೆಂದು ಯಾರೂ ಹೇಳರು. ಗೋಡೆಯ ಕೆಳಮಗ್ಗುಲಿಗೆ ಒಂದು ಪಕ್ಕದಲ್ಲಿ ಒರಟು ಕಲ್ಲುಗಳನ್ನು ಇಳಿಜಾರಾಗಿ ಜೋಡಿಸಿದರೆ ಗೋಡೆಯೂ ಉಳಿಯುತ್ತದೆ, ಮೀನೂ ಏರುತ್ತದೆ. ಕಲ್ಲಿಗೆ ಈ ಸೀಮೆಯಲ್ಲಿ ಬರವಿಲ್ಲ. ಎರಡನೆಯ ಆಕ್ಷೇಪಣೆ ಇದಕ್ಕಿಂತ ತೂಕದ್ದು. ಹೊಸನೀರಿನ ಮೀನು ಹಿಡಿಯುವವರು ಬಹುಮಟ್ಟಿಗೆ ಭೂಮಿಯಿಲ್ಲದ ಬಡವರು. ವರ್ಷಕ್ಕೊಮ್ಮೆ ಮನೆಮಂದಿಗೆಲ್ಲ ಹೊಟ್ಟೆತುಂಬ ಸಿಕ್ಕುವ ಆ ಮೀನನ್ನು ನಿಷೇಧಿಸಿ, ಹಳ್ಳವನ್ನೇ ಉತ್ತುಕೊಂಡವರನ್ನು ಸುಮ್ಮನೆ ಬಿಡುವುದು ನ್ಯಾಯವಲ್ಲ. ಆದಕಾರಣ ಕಟ್ಟುಪಾಡು ಮೇಲಿನಿಂದ ಆರಂಭವಾಗಬೇಕು. ದೊಡ್ಡ ಹಿಡುವಳಿದಾರರು ಮೊದಲು ಹಳ್ಳದ ಅಂಚನ್ನು ಬಿಟ್ಟುಕೊಡಲಿ. ಅನಂತರ, ಮೊದಲ ಹರಿವಿನಿಂದ ಹದಿನೈದು ದಿನಗಳ ಕಾಲ ಹಳ್ಳದ ಬಾಯಿಗೆ ಬಲೆ ಕಟ್ಟಬಾರದೆಂದು ಊರು ಗೊತ್ತುಮಾಡಲಿ. ಹದಿನೈದು ದಿನ ತಾಳಿದವರಿಗೆ ಕೆರೆಯಲ್ಲಿ ಬೆಳೆದ ಮೀನಿನ ಪಾಲು ದೊರೆಯುವಂತೆ ಪಂಚಾಯಿತಿಯವರು ಏರ್ಪಡಿಸುವುದೂ ಯುಕ್ತ.

ಕೋಲಾರ ಜಿಲ್ಲೆಯ ಹಲವು ಕೆರೆಗಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಕೆ. ಸಿ. ವ್ಯಾಲಿ ಯೋಜನೆಯಿಂದ ಹರಿದು ಬಂದಿದೆ. ನೀರು ಬಂದಿತೆಂದ ಮೇಲೆ ಹಳ್ಳಗಳ ಚಿಂತೆ ಏಕೆಂದು ಕೆಲವರು ಭಾವಿಸುವುದುಂಟು. ಕೊಳವೆಯ ನೀರು ಕೆರೆಯನ್ನು ತುಂಬಿಸಬಲ್ಲುದು. ಆದರೆ ಮಳೆಯ ಹೊಸನೀರು, ಮುಳುಗಿದ ಹುಲ್ಲು, ತಿಳಿಯಾದ ತೆಳುಹರಿವು ಇವನ್ನು ತರಲಾರದು. ವರ್ಷವಿಡೀ ನಿಂತ ನೀರಿನಲ್ಲಿ, 1952ರಲ್ಲಿ ಈ ದೇಶಕ್ಕೆ ಬಂದು ಜಿಲೇಬಿಯೆಂಬ ಹೆಸರು ಪಡೆದ ತಿಲಾಪಿಯಾ ಮೀನೂ, ನಿಷೇಧವಿದ್ದರೂ ಕದ್ದು ಸಾಕುವ ಆಫ್ರಿಕಾದ ಮೀಸೆಮೀನೂ ಸೇರಿಕೊಂಡರೆ, ದೇಶೀ ಮೀನಿನ ಮೊಟ್ಟೆ ಮರಿಗಳಿಗೆ ಉಳಿಗಾಲವಿಲ್ಲ. ಹಾಗೆಯೇ ಜಲಾನಯನದ ತುಂಬ ನೀಲಗಿರಿ ನೆಟ್ಟ ಕಡೆ ಹಳ್ಳದ ಹರಿವೇ ಕ್ಷೀಣಿಸಿತೆಂಬ ದೂರು ಬೆಳೆದು, 2017ರಲ್ಲಿ ಸರ್ಕಾರದವರು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದರು. ಆದರೆ ಹಿಂದೆ ನೆಟ್ಟುದನ್ನು ಕಿತ್ತು ಹೊಂಗೆ ನೇರಿಳೆಗಳನ್ನು ನೆಡುವುದು ಜಮೀನುದಾರರ ಮನಸ್ಸಿಗೆ ಸೇರಿದ್ದು.

ಕೆರೆಯ ಏರಿಯನ್ನು ನೋಡಿ ಕೆರೆಯನ್ನು ನೋಡಿದಂತಾಯಿತೆಂದು ತಿಳಿಯುವುದು ವಾಡಿಕೆಯಾಗಿದೆ. ಏರಿಗೆ ಕಲ್ಲು ಕಟ್ಟಿಸುವುದಕ್ಕೂ ತೂಬಿಗೆ ಬಣ್ಣ ಹೊಡೆಸುವುದಕ್ಕೂ ಹಣ ಸುಲಭವಾಗಿ ದೊರೆಯುತ್ತದೆ. ಏರಿಯ ಎದುರು ದಿಕ್ಕಿನಲ್ಲಿ ಎರಡು ಮೂರು ಮೈಲಿ ನಡೆದು ನೋಡುವುದಕ್ಕೆ ಹಣವೇ ಬೇಡ. ಕುರುಡುಮಲೆಯ ಸುತ್ತಿನ ಊರುಗಳ ಮುಖಂಡರೂ ಜಮೀನುದಾರರೂ ಮುಂದಿನ ಹುಬ್ಬೆ ಉತ್ತರೆಗಳ ವೇಳೆಗೆ ತಮ್ಮ ತಮ್ಮ ಕೆರೆಗೆ ಒಂದೊಂದು ಹಳ್ಳದ ಪುಸ್ತಕವನ್ನು ತೆರೆದು, ಹಳ್ಳ ಹರಿದ ದಿನ ಮೂವರನ್ನು ನಡೆಯಕಳುಹಿಸಿದರೆ ಸಾಕು. ಮೊದಲನೆಯ ವರ್ಷ ಆ ಪುಸ್ತಕದಲ್ಲಿ ಅಡ್ಡಿಗಳ ಪಟ್ಟಿಯೇ ಉದ್ದವಾಗಿರಬಹುದು. ಅದರಲ್ಲಿ ತಮ್ಮ ಹೊಲದ ಸರ್ವೆ ನಂಬರೂ ಬಂದಿರಬಹುದು. ಹಾಗೆ ಬಂದಾಗ ಪುಟವನ್ನು ಹರಿಯದೆ ಬದುವನ್ನು ಹಿಂದಕ್ಕೆ ಸರಿಸುವ ಯಜಮಾನರು ಯಾವ ಊರಿನಲ್ಲಿದ್ದಾರೋ, ಆ ಊರ ಕೆರೆಗೆ ನೀರೂ ಬರುತ್ತದೆ, ಮೀನೂ ಉಳಿಯುತ್ತದೆ.