ಆಪರೇಷನ್‌ಗೆ ಮುಂಚಿನ ಎರಡು ವಾರ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಬೊಜ್ಜಿನ ಆಪರೇಷನ್‌ಗೆಂದು ಬೆಳಗಾವಿಗೋ ಹುಬ್ಬಳ್ಳಿಗೋ ಹೋಗುವವರಿಗೆ ಸರ್ಜನ್ನರು ಸಾಮಾನ್ಯವಾಗಿ ಎರಡು ವಾರ ಕಟ್ಟುನಿಟ್ಟಿನ ಪಥ್ಯ ಹೇಳುತ್ತಾರೆ. 'ಹೇಗೂ ಆಪರೇಷನ್ ಆಗುತ್ತದಲ್ಲ' ಎಂದು ಅವರನ್ನು ದಾವತಿಗೆ ಕೂರಿಸಬೇಡಿ. ಕೊಬ್ಬು ತುಂಬಿ ಹಿಗ್ಗಿದ ಯಕೃತ್ತು ಜಠರದ ಮೇಲೆ ಚಾಚಿಕೊಂಡಿರುತ್ತದೆ; ಪಥ್ಯದಿಂದ ಅದು ಕುಗ್ಗದಿದ್ದರೆ ದುರ್ಬೀನಿನ ಆಪರೇಷನ್ ಕಷ್ಟವಾಗುತ್ತದೆ.

ಮೊದಲ ನಾಲ್ಕೈದು ದಿನ ತೂಕ ಬೇಗ ಇಳಿಯುತ್ತದೆ. ಅದರಲ್ಲಿ ಹೆಚ್ಚಿನದು ನೀರು. ದೇಹ ಕೂಡಿಟ್ಟ ಸಕ್ಕರೆ ಕರಗುವಾಗ ಅದರ ಜೊತೆಗಿದ್ದ ನೀರೂ ಹೋಗುತ್ತದೆ. ಆಮೇಲೆ ಇಳಿತ ನಿಧಾನವಾದರೆ ಪಥ್ಯ ಬಿಡಬೇಡಿ, ಅಂಕಿ ಇಳಿಸಲೆಂದು ನೀರು ಕುಡಿಯುವುದನ್ನು ಕಡಿಮೆ ಮಾಡಲೂಬೇಡಿ. ಫಜ್ರ್ ನಮಾಝಿಗೆ ಎದ್ದಾಗ ಶೌಚ ಮುಗಿಸಿ, ಏನೂ ತಿನ್ನುವ ಮೊದಲು, ಒಂದೇ ಮಷೀನಿನಲ್ಲಿ ತೂಕ ನೋಡಿ ಬರೆದಿಡಿ. ನಿನ್ನೆಯದಕ್ಕಲ್ಲ, ಕಳೆದ ವಾರದ ಅಂಕಿಗೆ ಹೋಲಿಸಿ.

ಯುನಾನಿಯಲ್ಲಿ ಬೊಜ್ಜಿಗೆ ಸಿಮನೆ ಮುಫ್ರಿತ್ ಎನ್ನುತ್ತೇವೆ, ಔಷಧಗಳೂ ಇವೆ. ಆದರೂ ಸರ್ಜನ್ನರಿಗೆ ತಿಳಿಸದೆ ಈಗ ನಮ್ಮ ಮಾಜೂನ್ ಕೂಡ ಬೇಡ. ಅದರ ಪಾಕವೇ ಸಕ್ಕರೆ ಅಥವಾ ಜೇನು! ಸಕ್ಕರೆ ಕಾಯಿಲೆಯ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಪಥ್ಯ ಶುರು ಮಾಡುವ ಮೊದಲೇ ಪ್ರಮಾಣ ಎಷ್ಟೆಂದು ವೈದ್ಯರನ್ನು ಕೇಳಬೇಕು. ಊಟ ಕಡಿಮೆಯಾಗಿ ಔಷಧ ಮೊದಲಿನಷ್ಟೇ ಉಳಿದರೆ ಶುಗರ್ ಕುಸಿದು ಎಚ್ಚರ ತಪ್ಪಬಹುದು. ತೂಕ ಬರೆದ ಚೀಟಿಯನ್ನು ಆಸ್ಪತ್ರೆಗೆ ಒಯ್ಯಿರಿ, ಹೆಚ್ಚಾದ ದಿನದ ಅಂಕಿಯನ್ನೂ ಅಳಿಸದೆ.