ಮಸ್ತ್ ಐತ್ರಿ

ಇಂಡಿಯಿಂದ ಬಸವನ ಬಾಗೇವಾಡಿಯವರೆಗೆ ಯಾರನ್ನು ಏನು ಕೇಳಿದರೂ ಈಗ ಒಂದೇ ಉತ್ತರ: ‘ಮಸ್ತ್ ಐತ್ರಿ.’ ಮಳೆ ಮಸ್ತ್, ರೊಟ್ಟಿ ಮಸ್ತ್, ಮದುವೆ ಮಸ್ತ್, ಸಿಂದಗಿಯ ಬಸ್ಸಿನಲ್ಲಿ ಕೇಳಿದ ಹಾಡೂ ಮಸ್ತ್. ನಮ್ಮ ಪತ್ರಿಕೆಗೆ ಬರುವ ಓದುಗರ ಓಲೆಯಲ್ಲೂ ಅದೇ: ‘ಕತಿ ಮಸ್ತ್ ಇತ್ತು.’ ಕತೆಯಲ್ಲಿ ಯಾವುದು ಹಿಡಿಸಿತು, ಎಲ್ಲಿ ಕಣ್ಣು ತುಂಬಿತು ಎಂಬುದು ಕತೆ ಬರೆದವರಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ.

ಪದದ ಮೇಲೆ ತಕರಾರಿಲ್ಲ. ಮಸ್ತ್ ಪಾರಸಿ ಮಾತು, ಅಮಲೇರಿದವನು ಎಂದರ್ಥ. ದೇವರ ಗುಂಗಿನಲ್ಲಿ ಮೈಮರೆತ ಸೂಫಿಗೂ ಮದವೇರಿದ ಆನೆಗೂ ಸಂದ ಹೆಸರು. ಆದಿಲಶಾಹಿಗಳು ಆಳಿದ ಸೀಮೆಯಲ್ಲಿ ಪಾರಸಿಯನ್ನು ಹೊರಗಿನದೆನ್ನುವುದು ಸಲ್ಲ. ಹಿರಿಯರು ಬೆನ್ನು ಚಪ್ಪರಿಸಿ ಅನ್ನುವ ‘ಶಾಬಾಸ್’ ಕೂಡ ಅಲ್ಲಿಂದಲೇ ಬಂದದ್ದು, ‘ಸಂತೋಷವಾಗಿರು’ ಎಂಬ ಹರಕೆ ಅದು. ‘ಮಸ್ತ್’ನಂಥ ತೂಕದ ಮಾತನ್ನು ಚಹಾದ ಗುಟುಕಿಗೊಮ್ಮೆ ಆಡಿ ಸವೆಸಿದ್ದೇವೆ. ನಿಜವಾಗಿ ಮೈಮರೆತ ದಿನ ನಮ್ಮ ಬಾಯಲ್ಲಿ ಬೇರೆ ಮಾತಿಲ್ಲ.

ಒಂದೇ ಪದದ ಮೋಹ ಈ ನೆಲಕ್ಕೆ ಹೊಸದಲ್ಲ. ಎರಡನೆಯ ಇಬ್ರಾಹಿಂ ಆದಿಲಶಾಹನಿಗೆ ‘ನವರಸ’ ಎಂದರೆ ಪ್ರಾಣ. ಅವನ ಹಾಡುಗಳ ಪುಸ್ತಕ ‘ಕಿತಾಬ್-ಎ-ನವರಸ್’. 1599ರಲ್ಲಿ ತೊರವಿಯ ಬಳಿ ಕಟ್ಟಲು ತೊಡಗಿದ ಊರು ನವರಸಪುರ. ಅರಮನೆಗೂ ಹಬ್ಬಕ್ಕೂ ಅದೇ ಹೆಸರು. ಆದರೂ ಆ ದೊರೆಯ ಪದ ಶೃಂಗಾರವನ್ನೂ ಕರುಣೆಯನ್ನೂ ಬೇರೆಬೇರೆಯಾಗಿ ಎಣಿಸಿಟ್ಟುಕೊಂಡಿತ್ತು. ನಾವು ಬಳಸುವ ‘ಮಸ್ತ್’ ಆ ಎಣಿಕೆಯನ್ನೇ ಅಳಿಸುತ್ತಿದೆ.

ನಮ್ಮ ಅವ್ವಂದಿರು ಎಣಿಕೆ ಬಲ್ಲವರು. ಬಿತ್ತನೆಗೆ ತಕ್ಕಷ್ಟು ಬಿದ್ದರೆ ‘ಹದಮಳಿ’. ರೊಟ್ಟಿಯಲ್ಲಿ ಮೆತ್ತನೆಯದು ಬೇರೆ, ಖಡಕ್ ಬೇರೆ. ತಿಳಿವಳಿಕೆಯ ಹುಡುಗ ‘ಶಾಣ್ಯಾ’. ಜೋಳದ ಎಳೆಯ ತೆನೆ ಸುಟ್ಟು ತಿಕ್ಕಿದರೆ ಸೀತನಿ. ಹೆಸರೇ ಅದರ ರುಚಿ ಹೇಳುತ್ತದೆ. ಆಗಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಇಂಥ ನುಡಿಯ ಹಾಡುಗಳನ್ನೇ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಹಾಡಿದವರಲ್ಲಿ ಎಷ್ಟೋ ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ಅಕ್ಷರ ಬಲ್ಲ ನಾವು ಅವರಿಗಿಂತ ಬಡವರಾಗಿದ್ದೇವೆ ಎಂಬುದು ನಮ್ಮನ್ನು ನಿಜಕ್ಕೂ ನೋಯಿಸುತ್ತದೆ.

ಆದ್ದರಿಂದ ನಮ್ಮ ಓದುಗರಲ್ಲಿ ಒಂದು ಬೇಡಿಕೆ. ಈ ಸಂಚಿಕೆ ಓದಿ ಬರೆಯುವಾಗ ‘ಮಸ್ತ್’ ಅನ್ನಬೇಕೆನಿಸಿದಲ್ಲಿ ಒಂದು ಗಳಿಗೆ ನಿಲ್ಲಿರಿ. ನಿಮ್ಮ ಆಯಿ, ಮುತ್ತ್ಯಾ ಅಲ್ಲಿ ಯಾವ ಮಾತು ಆಡುತ್ತಿದ್ದರೋ ಅದನ್ನು ನೆನೆದು ಬರೆದು ಕಳಿಸಿರಿ. ಮುಂದಿನ ಸಂಚಿಕೆಯ ಎರಡು ಪುಟ ಆ ಮಾತುಗಳಿಗೇ ಮೀಸಲು.